ಎರಡನೆಯ ನಡೆ

ಲಿಯೆಪಾಯಾ. ಗಾಳಿ ಹುಟ್ಟುವುದೇ ಇಲ್ಲಿ ಅನ್ನುತ್ತಾರೆ.
ಸಕ್ಕರೆ ಕಾರ್ಖಾನೆಯ ಹಳೆಯ ಕ್ಯಾಂಟೀನು,
ಹದಿನಾರು ಮೇಜು, ಹದಿನಾರು ಗಡಿಯಾರ,
ಅವುಗಳ ಯಜಮಾನ ನಾನು: ತೀರ್ಪುಗಾರ,
ಕೆಮ್ಮಿದವರನ್ನು ಕಣ್ಣಲ್ಲೇ ಗದರುವವನು.

ಐದನೆಯ ಸುತ್ತು, ಏಳನೆಯ ಮೇಜು.
ಕಪ್ಪು ಕಾಯಿ ಸ್ಕೈದ್ರೀತೆಗೆ. ಟ್ರ್ಯಾಮ್ ಓಡಿಸುತ್ತಾಳೆ,
ಮೊದಲ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಾಳೆ.
ಬಿಳಿ, ವಾಲ್ಫ್ರಿಡ್ಸ್‌ಗೆ. ಲೆಕ್ಕ ತಪಾಸಣೆಯವನು,
ಪರರ ಪುಸ್ತಕದ ತಪ್ಪು ಹೆಕ್ಕಿ ಹೊಟ್ಟೆ ಹೊರೆವವನು.

ಅವನ ರಾಜನ ಕಾಲಾಳು, ಇವಳ ರಾಜನ ಕಾಲಾಳು.
ಅವನ ಕುದುರೆ ಹೊರಬಂತು.
ಆಗ ಅವಳು
ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದಳು,
ರಾಜನ ಮಗ್ಗುಲ ಗೋಡೆಯನ್ನೇ ಕಿತ್ತು
ಬೀದಿಗೆ ಇಟ್ಟ ಹಾಗೆ.

ಲಾಟ್ವಿಯನ್ ಗ್ಯಾಂಬಿಟ್.
ನಮ್ಮ ನಾಡಿನ ಹೆಸರು ಹೊತ್ತ ಹುಚ್ಚು.
ಇದಕ್ಕೆ ಮದ್ದು ಎಂದೋ ಅರೆದಾಗಿದೆ,
ಕಂಪ್ಯೂಟರು ಇದನ್ನು ನೋಡಿ ನಗುವುದೂ ಇಲ್ಲ.
ಹನ್ನೊಂದು ವರ್ಷದಿಂದ ಇದನ್ನೇ ಆಡುತ್ತಾಳೆ, ಸೋಲುತ್ತಾಳೆ,
ಸೋತ ಮೇಲೆ ಎದುರಾಳಿಗೆ
ಚೀಲದ ರೈ ಬ್ರೆಡ್ಡು ಮುರಿದು ಕೊಡುತ್ತಾಳೆ.

ವಾಲ್ಫ್ರಿಡ್ಸ್‌ಗೆ ಆ ಮದ್ದು ಬಾಯಿಪಾಠ.
ಕುದುರೆ ಕಾಲಾಳನ್ನು ತಿನ್ನಬೇಕು, ಅಷ್ಟೆ.
ಕೈ ಎತ್ತಿದ. ಅವಳ ಮುಖ ನೋಡಿದ.
ಕೈ ಇಳಿಸಿದ.
ಇವಳೇಕೆ ಇಷ್ಟು ನಿರಾಳ?
ಏನೋ ಹೊಸದು ಕಂಡುಕೊಂಡಿದ್ದಾಳೆಯೇ?
ನಲವತ್ತು ನಿಮಿಷ.
ಕಿಟಕಿಯಾಚೆ ಮೂರು ಟ್ರ್ಯಾಮು ಹಾದವು,
ಪ್ರತಿಯೊಂದಕ್ಕೂ ಅವಳು ಕೈಗಡಿಯಾರ ನೋಡಿಕೊಂಡಳು:
ಎರಡನೆಯದು ನಾಲ್ಕು ನಿಮಿಷ ತಡ.
(ನಿರಾಳವಲ್ಲ ಅದು, ನಿದ್ದೆ. ನಸುಕಿನ ಮೂರೂವರೆಗೆ ಎದ್ದವಳು.)

ಕೊನೆಗೆ ಅವನು ಮಂತ್ರಿಯ ಮುಂದಿನ ಕಾಲಾಳನ್ನು
ಒಂದೇ ಒಂದು ಮನೆ ಸರಿಸಿದ,
ಮೊಣಕಾಲುದ್ದದ ನೀರಿಗೂ
ಕೋಲು ಇಟ್ಟು ನೋಡುವವನಂತೆ.

ಆಮೇಲೆ ಹೇಳುವಂಥದ್ದೇನಿಲ್ಲ.
ಆನೆಗೆ ಆನೆ, ಒಂಟೆಗೆ ಒಂಟೆ, ಮಂತ್ರಿಗೆ ಮಂತ್ರಿ,
ಸಂತೆ ಮುಗಿವ ಹೊತ್ತಿನ ಚಿಲ್ಲರೆ ವ್ಯಾಪಾರ.
ನಲವತ್ತೆಂಟನೆಯ ನಡೆಗೆ ಡ್ರಾ.
ಈ ಆಟದಿಂದ ಅವಳಿಗೆ ದಕ್ಕಿದ ಮೊದಲ ಅರ್ಧ ಅಂಕ.

ಅಭಿನಂದಿಸಲು ಹೋದೆ.
ಸಹಿ ಹಾಕುತ್ತಾ ಅವಳು ಕೇಳಿದಳು, ನನ್ನನ್ನಲ್ಲ, ಅವನನ್ನು:
"ಯಾಕೆ ತಿನ್ನಲಿಲ್ಲ?"
ಅವನು ಕನ್ನಡಕ ಒರೆಸಿದ. ಇನ್ನೊಮ್ಮೆ ಒರೆಸಿದ.
ಬ್ರೆಡ್ಡು ಚೀಲದಿಂದ ಹೊರಬರಲಿಲ್ಲ.

ಗಡಿಯಾರಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ತಿರುಗಿದರೆ
ಏಳನೆಯ ಮೇಜಿನಲ್ಲಿ ಇನ್ನೂ ಅವರಿಬ್ಬರು,
ಕಾಯಿಗಳು ಮತ್ತೆ ಮೊದಲಿನ ಸಾಲಿನಲ್ಲಿ.
ದೀಪ ಆರಿಸಲು ಬಂದ ಕಾವಲಿನವಳಿಗೆ
ಐದು ನಿಮಿಷ ಎಂದೆ.
ಕೋಟಿನ ಒಂದು ತೋಳು ಹಾಕಿಕೊಂಡು ಹಾಗೇ ನಿಂತೆ.

ಕುದುರೆ ತಿಂದಿತ್ತು.
ಅವಳ ರಾಜ ಆಗಲೇ
ಬಯಲಿಗೆ ಬಿದ್ದಿದ್ದ.