ಐದಕ್ಕೆ ಎಷ್ಟು

ವಿನೋಬನಗರದ ವಾರ್ಡ್ ಆಫೀಸಿನಲ್ಲಿ
ನೀರಿನ ಬಿಲ್ಲಿನ ಕೌಂಟರಿನ ಪಕ್ಕ
ನನಗೊಂದು ಕುಂಟು ಮೇಜು ಕೊಟ್ಟರು.
ಮೇಲೆ ಟ್ಯಾಬು, ಸ್ಟಾಪ್‌ವಾಚು, ಪ್ರಶ್ನೆಯ ಹಾಳೆಗಳು.
‘ಈ ಜಾಲತಾಣ ಬಳಸಲು ಸುಲಭ’
ಪೂರ್ತಿ ಒಪ್ಪಿದರೆ ಐದು,
ಒಂಚೂರೂ ಒಪ್ಪದಿದ್ದರೆ ಒಂದು.
ನಡುವಿನ ಮೂರು ಯಾರಿಗೂ ಬೇಡ,
ಬಸ್ಸಿನಲ್ಲಿ ಟೈರಿನ ಮೇಲಿನ ಸೀಟಿನ ಹಾಗೆ.

ಮೊದಲು ಗುತ್ಯಪ್ಪ, ರಿಟೈರಾದ ಲೈನ್‌ಮನ್.
ಒತ್ತುವ ಮುಂಚೆ ಬೆರಳ ಹಿಂಬದಿಯಿಂದ
ಗಾಜನ್ನು ಸವರಿ ನೋಡಿದರು.
‘ಕರೆಂಟಿದ್ರೆ ಕೈ ತಾನಾಗೇ ಹಿಂದಕ್ಕೆ ಬರ್ತದೆ.’
ಅದನ್ನು ಬರೆಯಲು ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಫಿಲೋಮಿನಾ ಟೀಚರ್ ಎರಡನೇ ಪುಟಕ್ಕೇ ನಿಂತರು.
‘ಮುಂದುವರೆಯಿರಿ ಅಲ್ಲ, ಮುಂದುವರಿಯಿರಿ.
ತಿದ್ದೋ ತನಕ ನಾನು ಮುಟ್ಟಲ್ಲ.’
ನಲವತ್ತೊಂದು ಸೆಕೆಂಡು. ಅಂಕ ಎರಡು.
ಆ ದಿನದ ಎರಡು ಅದೊಂದೇ.

ಆಮೇಲೆ ಟ್ಯಾಂಕ್ ಮೊಹಲ್ಲಾದ ಮೆಹರುನ್ನೀಸಾ,
ರವಿಕೆ ಹೊಲಿಯುವವರು.
ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು
ಗಾಜಿಗೆ ಗುರುತೇ ಸಿಗಲಿಲ್ಲ.
ಒರೆಸಿಕೊಂಡರು, ಊದಿಕೊಂಡರು, ಮತ್ತೆ ಒತ್ತಿದರು.
‘ಸಲ್ಲಿಸು ಅಂತಿದೆಯಲ್ಲ, ಯಾರಿಗೆ ಸಲ್ಲಿಸೋದು?’
ನೆರವಾಗಬಾರದು, ಅದು ನಿಯಮ.
ನಾಲಗೆ ಕಚ್ಚಿಕೊಂಡು ಸ್ಟಾಪ್‌ವಾಚು ನೋಡಿದೆ.
ಪರದೆಯ ನಡುವೆ ಒಂದು ಚಕ್ರ
ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.
ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.
ಬಿಲ್ಲು ಕಟ್ಟಲಾಗಲಿಲ್ಲ.

ಪೆನ್ಸಿಲ್ ತಗೊಂಡು ಸಾಲಾಗಿ ಹಾಕಿದರು
ಐದು, ಐದು, ಐದು, ಐದು,
ಹೆಮ್ಮಿಂಗಿನ ಹಾಗೆ, ಒಂದೂ ತಪ್ಪದೆ.
‘ಕಟ್ಟೋಕೇ ಆಗ್ಲಿಲ್ಲವಲ್ಲಮ್ಮ?’
‘ನನ್ನ ಬೆರಳು ಸರಿಯಿಲ್ಲ, ಯಂತ್ರ ಏನ್ ಮಾಡ್ತದೆ.
ನೀವೂ ಬೆಳಿಗ್ಗೆಯಿಂದ ಊಟ ಇಲ್ದೆ ಕೂತಿದೀರಿ.’
ಎದ್ದು ಕೌಂಟರಿನ ಕ್ಯೂಗೆ ಹೋದವರು
ಅಲ್ಲಿಂದಲೇ ತಿರುಗಿ ನೋಡಿ ಕೇಳಿದರು:
‘ಬಲತೋಳು ಹಿಡೀತಿದೆ. ಯಾರು ಹೊಲಿದದ್ದು?’

ಟೇಪಿಲ್ಲ, ಹಾಳೆಯಿಲ್ಲ. ಹತ್ತು ಮಾರು ದೂರ.

ಸಂಜೆ ಕೂಡಿ ಭಾಗಿಸಿದೆ: ನಾಲ್ಕು ಪಾಯಿಂಟ್ ನಾಲ್ಕು.
‘ಜನ ಒಪ್ಪಿದ್ದಾರೆ’ ಎಂದು ಸಾಹೇಬರು ಬರೆಸಿದರು.
ಬರೆದೆ.
ಹೋದ ತಿಂಗಳು ಈ ರವಿಕೆ ತೊಟ್ಟು
ಕನ್ನಡಿ ಮುಂದೆ ಉಸಿರು ಬಿಗಿಹಿಡಿದು
ನಮ್ಮ ಟೈಲರಿಗೆ ನಾನೂ ಹೇಳಿದ್ದೆ,
ಚೆನ್ನಾಗಿ ಕೂತಿದೆ ಅಣ್ಣ.
ಕಪಾಟಿನ ಮೇಲಿನ ಖಾನೆಗೆ ಹಾಳೆಗಳನ್ನಿಡಲು
ಕೈ ಅಷ್ಟೆತ್ತರ ಹೋಗಲಿಲ್ಲ.