ಬೇರೆ ಬಿಲ್ಲು

ರೂವಿಯ ಅಂಗಡಿಯಲ್ಲಿ ಜೆಸಿಂತಕ್ಕ
ಆ ಯಂತ್ರವನ್ನು ಎಮ್ಮೆ ಕೊಳ್ಳುವವಳಂತೆ ನೋಡಿದಳು:
ಸುತ್ತು ಬಂದು, ಬೆನ್ನು ತಟ್ಟಿ,
ಸೊಂಡಿಲ ಬಾಯಿಗೆ ಅಂಗೈಯಿಟ್ಟು. ಎಳೆತವಿದೆ.

ಚೀಲವಿಲ್ಲದ್ದೇ ಈಗ ನಡೆಯೋದು, ಅಂದ ಹುಡುಗ.
ಬೇಡಪ್ಪ, ಅದನ್ನು ಕೊಡವಿದರೆ
ಹಿಡಿದ ಮರಳೆಲ್ಲ ತಿರುಗಿ ನನ್ನ ಮೂಗಿಗೆ.
ದೊಡ್ಡ ಚೀಲದ್ದು ಕೊಡು; ಗಾಳಿ ಎದ್ದ ವಾರ
ಅದೂ ಸಾಲದು.

ಮಜ್ಲಿಸಿನ ಜಮಖಾನಕ್ಕೆ ಅಗಲ ಬಾಯಿ,
ಸೋಫಾ ಸಂದಿಗೆ ಕೊಕ್ಕು,
ತೂಗುದೀಪಕ್ಕೆ ಇನ್ನೆರಡು ಕೊಳವೆ.
ಮೇಡಮ್ಮಿನ ಪಟ್ಟಿ ಅಲ್ಲಿಗೆ ಮುಗಿಯಿತು.

ಕುದುರೆಗೂದಲಿನ ಪುಟ್ಟ ಬ್ರಷ್ಷೊಂದನ್ನು
ಗಲ್ಲಕ್ಕೆ ಸವರಿಕೊಂಡಳು. ನಾಲ್ಕೂವರೆ ರಿಯಾಲು.
ಇದಕ್ಕೆ ಬೇರೆ ಬಿಲ್ಲು, ಅಂದು
ತನ್ನ ಪರ್ಸು ತೆಗೆದಳು.

ಗಾಡಿಯಲ್ಲಿ ನಾನು ಕೇಳಲಿಲ್ಲ.
ಸಿಗ್ನಲ್ಲಿನಲ್ಲಿ ಅವಳೇ ಅಂದಳು:
ಅವರ ಅಜ್ಜನ ಪುಸ್ತಕಗಳುಂಟಲ್ಲ,
ಬಟ್ಟೆ ತಾಗಿದರೆ ಪುಡಿಯಾಗ್ತವೆ.
ಎಸಿ ಕಮ್ಮಿ ಮಾಡು ಮಾರಾಯ.