ಜರಡಿಗೆ ಬಾಲ

ಆಕಳು ಬೇಡ, ನವಿಲು ಬೇಡ,
ಮೊಲವಂತೂ ಬೇಡವೇ ಬೇಡ ಅಂದೆ.
ಮೊಲ ಬರೆದೂ ಬರೆದೂ ನಮ್ಮ ಶಾಲೆಯ
ಕರಿಹಲಗೆಗೇ ಕಿವಿ ಮೂಡುವುದೊಂದು ಬಾಕಿ.
ನಾಳೆ ಮನೆಯಿಂದ ಒಂದೊಂದು ಸಾಮಾನು ತನ್ನಿ,
ಈಳಿಗೆ ಮಣೆ ಬಿಟ್ಟು.
ಅದರೊಳಗೆ ಯಾವ ಪ್ರಾಣಿ ಅಡಗಿದೆ, ಬರೆಯಿರಿ.

ಕೊಟ್ರೇಶ ತಂದದ್ದು ದೋಸೆ ಮಗುಚುವ ಕೈ,
ಸೋದರಮಾವನ ಹೋಟೆಲಿನದು, ಜಿಡ್ಡು ಆರಿರಲಿಲ್ಲ.
ಬರೀ ನಾಲಿಗೆ ಸರ, ಹೊಟ್ಟೇನೇ ಇಲ್ಲ,
ಕಾದ ಬಂಡಿ ನೆಕ್ಕೋಂತ ಹೋಗ್ತೈತಿ.
ಮತ್ತೆ ಉಣ್ಣೋದು?
ಉಣ್ಣಲ್ಲ ಸರ, ರುಚಿ ನೋಡಿ ಮಂದಿಗೆ ಬಿಡ್ತೈತಿ.

ನೀಲಾಂಬಿಕೆಯದು ಅರ್ಧ ಕೇಜಿ ತೂಕದ ಬಟ್ಟು.
ನಾಲ್ಕು ಕಾಲು ಬರೆದಳು, ಅಳಿಸಿದಳು,
ಎಂಟು ಬರೆದಳು, ಹಾಳೆ ತೂತಾಯಿತು.
ಏಳವಲ್ದು ಸರ.
ಬಿಡು ಅಂದೆ, ಕಾಡಿನಲ್ಲಿ
ಕೂತೇ ಇರುವಂಥದೂ ಒಂದಿರಲಿ.

ನಾನೂ ಕೂತೆ, ನನ್ನ ಕೊಡೆ ಬಿಡಿಸಿ
ಬಾವಲಿ ಬರೆದೆ, ತಕ್ಕಮಟ್ಟಿಗೆ ಚೆನ್ನಾಗಿಯೇ.
ಹಿಂದಿನ ಬೆಂಚು ಹೋ ಎಂದು ನಕ್ಕಿತು:
ಅದು ಆಗ್ಲೇ ಐತಲ್ರೀ ಸರ!

ಮುಬೀನಾ ಬಂದದ್ದು ತಡವಾಗಿ,
ತನ್ನ ಸೊಂಟಕ್ಕಿಂತ ಅಗಲದ ಜರಡಿ ಹೊತ್ತು.
ಹನ್ನೊಂದಕ್ಕೆ ವಾಪಸ್ ಒಯ್ಬೇಕು ಸರ,
ಭಟ್ಟಿಯಲ್ಲಿ ಎರಡನೇ ಒಬ್ಬೆ ಕಾದಿರ್ತದೆ.
ಕೂರಲೂ ಇಲ್ಲ. ನಿಂತೇ ಬರೆದಳು,
ಮೈತುಂಬ ಕಣ್ಣು, ಕಣ್ಣಿನಿಂದ ಸುರಿಯುವ ಬಿಸಿ ಮರಳು.
ಮರಳು ಕುಡೀತದೆ, ಮಂಡಕ್ಕಿ ಉಗುಳ್ತದೆ.
ಎಷ್ಟು ಕಣ್ಣು?
ಎಣಿಸಾಕೆ ಟೈಮಿಲ್ಲ ಸರ.
ಕೊನೆಗೆ, ಗಂಟೆ ನೋಡುತ್ತ,
ಒಂದು ಬಾಲ, ಉದ್ದ, ದಪ್ಪ,
ತುದಿಯಲ್ಲಿ ಬಾಗಿ ಮತ್ತೆ ಮೈಗೇ ಅಂಟಿಕೊಂಡದ್ದು.
ಇಂಥ ಬಾಲ ಯಾತಕ್ಕೆ?
ಹಿಡಿಯೋಕೆ. ಅಬ್ಬಾನ ಕೈ ಸುಡ್ತದೆ.

ಜರಡಿ ಬಾಗಿಲಿಗೆ ತಾಗಿ ಡಣ್ ಎಂದಿತು, ಹೋದಳು.
ಬೆಂಚಿನ ಮೇಲೆ ಚೂರು ಮರಳು, ಎರಡು ಕಾಳು.
ಕೊಟ್ರೇಶ ಕಾಳು ಬಾಯಿಗೆ ಹಾಕಿಕೊಂಡ.

ಶನಿವಾರ ಭಟ್ಟಿ ಸಾಲಿನಲ್ಲಿ ಸ್ಕೂಟರು ನಿಲ್ಲಿಸಿದೆ.
ಹೊಗೆ. ಮೊದಲು ಏನೂ ಕಾಣಲಿಲ್ಲ.
ಆಮೇಲೆ ಜರಡಿ, ಆಡುವ ಎರಡು ಕೈ,
ಜರಡಿಯ ಅಂಚಿಗೆ ದಪ್ಪ ತಂತಿ, ತಂತಿಗೆ ಸುತ್ತಿದ ಗೋಣಿ,
ಬಾಗಿ ಮತ್ತೆ ಮೈಗೇ ಅಂಟಿಕೊಂಡದ್ದು.
ಸೋಸಿದಾಗಲೆಲ್ಲ ಅಲ್ಲಾಡುತ್ತಿತ್ತು.

ಎರಡು ಸೇರು ಮಂಡಕ್ಕಿ ಕೊಂಡೆ,
ಬೇರೇನೂ ಕೇಳಲಿಲ್ಲ.
ಆ ಚಿತ್ರಕ್ಕೆ ಹತ್ತಕ್ಕೆ ಆರು ಕೊಟ್ಟಿದ್ದೆ,
ಬಾಲ ಸೊಟ್ಟ ಅಂತ.